ಲೆಕ್ಕಕ್ಕೆ ಸಿಗದ ಬಡಿತ

ನವೆಂಬರ್ 12, ಬೆಳಗ್ಗೆ

ಆಗಲೇ ಮೂರು ಸಲ ಆಯ್ತು. ಹಾಲು ಕಾಯಿಸುವಾಗ ಒಂದು. ಅತ್ತೆಗೆ ಬಿಸಿನೀರು ಕೊಡುವಾಗ ಒಂದು. ಆಳುಗಳ ಕಾಫಿ ಕ್ಯಾನಿಗೆ ಸಕ್ಕರೆ ಹಾಕುವಾಗ ಒಂದು. ಎದೆಯೊಳಗೆ ಟಕ್ಕಂತ ಏನೋ ತಪ್ಪತ್ತೆ. ಆಮೇಲೆ ಖಾಲಿ. ಆ ಖಾಲೀಲಿ ನಾನು ಸತ್ತೇ ಹೋದೆ ಅನ್ಸತ್ತೆ. ಆಮೇಲೆ ಧಡ್ ಅಂತ ಒಂದು ಗುದ್ದು. ಮತ್ತೆ ಮಾಮೂಲು.

ಸಕ್ಕರೆ ಹಾಕಿದ್ನೋ ಇಲ್ವೋ ಮರೆತೇ ಹೋಯ್ತು. ಇನ್ನೊಂದು ಬಟ್ಟಲು ಸುರಿದೆ. ಇವತ್ತು ಆಳುಗಳೆಲ್ಲ ಪಾಯಸ ಕುಡಿದ್ರು.

ಗಂಡ ಅನ್ನಿಸಿಕೊಂಡವರಿಗೆ ಹೇಳಿದೆ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸೋ ಪಲ್ಪರ್ ಮೋಟಾರಿಗೆ ಬೆಲ್ಟ್ ಹಾಕ್ತಿದ್ರು. ತಲೆ ಎತ್ತಲಿಲ್ಲ. "ಗ್ಯಾಸ್ ಮಾರಾಯ್ತಿ. ಜೀರಿಗೆ ನೀರು ಕುಡಿ." ಈ ಮೂಡಿಗೆರೆ ತಾಲೂಕಲ್ಲಿ ಯಾರಿಗೆ ಏನೇ ಆಗ್ಲಿ, ಗ್ಯಾಸೇ.

ನವೆಂಬರ್ 13

ವಸ್ತಾರೆಯಲ್ಲಿದ್ದ ನನ್ನ ಅಣ್ಣನಿಗೂ ಗ್ಯಾಸ್ ಅಂದಿದ್ರು. ತೋಟದಲ್ಲಿ ಮೆಣಸಿನ ಬಳ್ಳಿ ಕಟ್ಟಿಸ್ತಾ ನಿಂತವನು ಎದೆ ನೀವಿಕೊಂಡ. ಸೋಡಾ ತರಿಸಿ ಕುಡಿದ. ಅಷ್ಟೇ. ಅತ್ತಿಗೆ ಊಟಕ್ಕೆ ಕರೆಯೋಕೆ ಹೋದಾಗ ಸಿಲ್ವರ್ ಓಕ್ ಮರಕ್ಕೆ ಒರಗಿ ಕೂತಿದ್ದನಂತೆ. ನಿದ್ದೆ ಹತ್ತಿದೆ, ಪಾಪ, ಅಂತ ಎಬ್ಬಿಸದೇ ವಾಪಸ್ ಬಂದ್ಲು. ನಲವತ್ತನಾಲ್ಕು ವರ್ಷ ಅವನಿಗೆ. ಈಗ ನನಗೆ ಅದೇ ವಯಸ್ಸು. ಒಂದೇ ತಾಯಿ, ಒಂದೇ ರಕ್ತ. ಅವನಿಗಾದ್ದು ನನಗೆ ಆಗಲ್ಲ ಅಂತ ಯಾರು ಬರ್ಕೊಡ್ತಾರೆ?

ಬಲಗೈಯ ಎರಡು ಬೆರಳು ಯಾವಾಗಲೂ ಎಡಗೈ ಮಣಿಕಟ್ಟಿನ ಮೇಲೇ. ಸಾರಿಗೆ ಒಗ್ಗರಣೆ ಹಾಕಿ ಬಂದು ಮತ್ತೆ ಅಲ್ಲೇ. "ಕೈ ಉಳುಕ್ತೇನೇ ಕವನಾ?" ಅಂತ ಅತ್ತೆ ಕೇಳಿದ್ರು. ಹೂಂ ಅಂದೆ.

ನವೆಂಬರ್ 16, ಸಂಜೆ

ಮಾನ ಹೋಯ್ತು.

ಬೆಳಗ್ಗೆ ಶುರುವಾಗಿದ್ದು ನಿಲ್ಲಲೇ ಇಲ್ಲ. ಎರಡು ಸರಿ, ಒಂದು ತಪ್ಪು. ಎರಡು ಸರಿ, ಒಂದು ತಪ್ಪು. ಕೈಕಾಲು ತಣ್ಣಗೆ. ಕಿರುಚಿಬಿಟ್ಟೆ. ಹಣ್ಣು ಕುಯ್ಲಿಗೆ ಆಳು ತರೋಕೆ ಹೊರಟಿದ್ದ ಜೀಪನ್ನ ಇವರು ತಿರುಗಿಸಿದ್ರು. ಡ್ರೈವರ್ ಉಮೇಶ ರಸ್ತೆಯ ಒಂದು ಗುಂಡೀನೂ ಬಿಡದೇ ಹಾರಿಸಿದ. ದಾರಿ ಉದ್ದಕ್ಕೂ ನಾನು "ಮಗಳನ್ನ ನೋಡ್ಕೊಳ್ಳಿ, ಧನ್ಯಾನ ನೋಡ್ಕೊಳ್ಳಿ" ಅಂತ ಅಳೋದು. ಮೂಡಿಗೆರೆ ಆಸ್ಪತ್ರೆ ಮುಟ್ಟಿ, ಮಂಚದ ಮೇಲೆ ಮಲಗಿಸಿ, ಎದೆಗೆ ವೈರು ಅಂಟಿಸೋ ಹೊತ್ತಿಗೆ... ಗಪ್‌ಚುಪ್. ಹೆಡ್ಮೇಷ್ಟ್ರು ಬಂದ ಕ್ಲಾಸಿನ ಹಾಗೆ ಎದೆ ಕೈಕಟ್ಟಿ ಕೂತಿದೆ. ಇಸಿಜಿ ನಾರ್ಮಲ್. ಈ ಸೀಸನ್ನಲ್ಲಿ ಇದು ಮೂರನೇ ನಾರ್ಮಲ್ಲು. ಡ್ಯೂಟಿ ಡಾಕ್ಟ್ರು, ಚಿಕ್ಕ ಹುಡುಗಿ, ನನ್ನನ್ನ ಬಿಟ್ಟು ಇವರ ಮುಖ ನೋಡ್ಕೊಂಡು "ಟೆನ್ಷನ್ ಅಷ್ಟೇ ಸರ್" ಅಂದ್ಲು. ರೋಗ ನಂದು, ಉತ್ತರ ಇವರಿಗೆ.

ವಾಪಸ್ ಬಂದ ಮೇಲೆ ಇನ್ನೊಂದು ಶೋ. ಕಾಫಿ ಒಣಗಿಸೋ ಕಣದ ಮಧ್ಯೆ, ಅಷ್ಟೂ ಆಳುಗಳ ಎದುರಿಗೆ, ಇವರು ಎದೆ ಹಿಡ್ಕೊಂಡು, ಬಾಯಿ ಸೊಟ್ಟ ಮಾಡಿ, "ಅಬೀ... ನಾ ಓದ್ದೇ..." ಅಂತ, ಕವೀ ನಾ ಹೋದೆ ಅನ್ನೋದನ್ನ ತೊದಲಿ, ಗೋಣಿಚೀಲದ ಮೇಲೆ ಉರುಳಿದ್ರು. ಉಮೇಶ ಹೊಟ್ಟೆ ಹಿಡ್ಕೊಂಡು ನಕ್ಕ. ಇವರ ಎಂಥ ಚಿಲ್ಲರೆ ಜೋಕಿಗೂ ಅವನ ನಗು ರೆಡಿ. ಸಂಬಳ ಕೊಡೋದು ಜೀಪಿಗೋ ನಗುವಿಗೋ. ನನಗೂ ಒಂದು ಕ್ಷಣ ನಗು ಬಂತು, ಅದಕ್ಕೇ ಜಾಸ್ತಿ ಸಿಟ್ಟು ಬಂತು.

"ನಿನ್ನ ಹಾರ್ಟಿಗಿಂತ ನನ್ನ ಪಲ್ಪರ್ ಹೆಚ್ಚು ಕೆಟ್ಟಿದೆ, ಕವೀ ಕವೀ." ಯಾವತ್ತೂ ಎರಡು ಸಲ ಕರೆಯೋದು. ಮದುವೆಯಾದ ವಾರದಿಂದ ಹಾಗೇ. ಒಂದೇ ಸಲ ಕರೆದ್ರೆ ಸಿಟ್ಟು ಬಂದಿದೆ ಅಂತ ಲೆಕ್ಕ.

ನವೆಂಬರ್ 21

ಚಿಕ್ಕಮಗಳೂರು ಹಾಸ್ಟೆಲಿಂದ ಧನ್ಯಾ ಫೋನ್ ಮಾಡಿ ಅಪ್ಪನಿಗೆ ಗದರಿಸಿದ್ಲು. ಮಗಳು ಬೈದ್ರೆ ಮಾತ್ರ ಇವರ ಕಿವಿ ತೆರೆಯೋದು. ಡಾಕ್ಟ್ರು ಓಂಕಾರಮೂರ್ತಿ ಹತ್ರ ಕರ್ಕೊಂಡು ಹೋದ್ರು. ಮೂಡಿಗೆರೇಲಿ ಸಣ್ಣ ಕ್ಲಿನಿಕ್ಕು. ವಯಸ್ಸಾದವರು, ಮೂಗಿನ ತುದೀಲಿ ಕನ್ನಡಕ.

"ಎದೆ ಹಾರತ್ತೆ ಅಂತ ಎಲ್ಲರೂ ಬರ್ತಾರಮ್ಮಾ. ಹ್ಯಾಗೆ ಹಾರತ್ತೆ ಅಂತ ಯಾರೂ ಹೇಳಲ್ಲ. ಮೇಜಿನ ಮೇಲೆ ತಟ್ಟಿ ತೋರಿಸಿ."

ತಟ್ಟಿದೆ. ತಟ್, ತಟ್, ತತಟ್... ಖಾಲಿ... ಧಡ್.

ಮುಖ ಅರಳಿತು ಅವರದ್ದು! "ಇದು ಎಕ್ಸ್‌ಟ್ರಾ ಬೀಟು. ಒಂದು ಬಡಿತ ಅವಸರ ಪಟ್ಟು ಮುಂಚೆ ಬಂದುಬಿಡತ್ತೆ. ಆಮೇಲೆ ಹೃದಯ ಒಂಚೂರು ತಡೆಯತ್ತೆ. ಆ ಹೊತ್ತಲ್ಲಿ ರಕ್ತ ಜಾಸ್ತಿ ತುಂಬತ್ತೆ, ಮುಂದಿನ ಬಡಿತ ಜೋರಾಗಿ ಬೀಳತ್ತೆ. ನಿಮಗೆ ಗೊತ್ತಾಗೋದು ಆ ಗುದ್ದು. ಎದೆ ನಿಲ್ತಿಲ್ಲಮ್ಮಾ, ಒಂದು ಜಾಸ್ತಿ ಬಡೀತಿದೆ ಅಷ್ಟೇ. ಎಷ್ಟೋ ಜನಕ್ಕೆ ಇರತ್ತೆ."

ಆಮೇಲೆ ಅವರೇ ತಟ್ಟಿದ್ರು. ಒಂದು: ತಟತಟತಟತಟ, ಜೋರು ಓಟ, ಆದ್ರೆ ಒಂದೇ ಸಮ. ಸ್ವಿಚ್ ಹಾಕಿದಂಗೆ ಶುರು, ಸ್ವಿಚ್ ಆರಿಸಿದಂಗೆ ಬಂದ್. ಅದಕ್ಕೆ ಬೇರೆ ಚಿಕಿತ್ಸೆ ಇದೆಯಂತೆ. ಇನ್ನೊಂದು ಹೆದರಿಕೆಯದ್ದು, ಅದೂ ಓಟವೇ, ಆದ್ರೆ ನಿಧಾನಕ್ಕೆ ಏರಿ ನಿಧಾನಕ್ಕೆ ಇಳಿಯತ್ತೆ. "ಎಕ್ಸ್‌ಟ್ರಾ ಬೀಟಿಗೆ ನೀವು ಹೆದರ್ತೀರಿ, ಹೆದರಿದ್ದಕ್ಕೆ ಇದು ಬರತ್ತೆ. ನಿಮಗೆ ಎರಡೂ ಸೇರಿದೆ."

ಕೊನೇದನ್ನ ತಟ್ಟುವಾಗ ಅವರ ಮುಖ ಬೇರೆ ಆಯ್ತು. ತಟ್... ತತಟ್ ತಟ್... ತಟ್ ತಟತತಟ್... ಎಲ್ಲಿ ಬರತ್ತೆ ಎಲ್ಲಿ ನಿಲ್ಲತ್ತೆ ಗೊತ್ತೇ ಆಗಲ್ಲ. ಸಿಮೆಂಟು ಕಣದ ಮೇಲೆ ಕಾಫಿ ಬೀಜ ಚೆಲ್ಲಿದಂಗೆ. "ಇದಕ್ಕೆ ಲೆಕ್ಕವೇ ಇಲ್ಲ. ನಿಮ್ಮದು ತಪ್ಪಿದ್ರೂ ಒಂದು ಲೆಕ್ಕದಲ್ಲಿ ತಪ್ಪತ್ತೆ. ಇದು ಪೂರ್ತಿ ಕಲಸುಮೇಲೋಗರ. ಹೃದಯದ ಮೇಲಿನ ಕೋಣೆ ಬಡಿಯೋದು ಬಿಟ್ಟು ಬರೀ ನಡುಗ್ತಿರತ್ತೆ. ರಕ್ತ ಅಲ್ಲೇ ನಿಂತು ಹೆಪ್ಪಾಗಿ ಗರಣೆ ಕಟ್ಟತ್ತೆ, ಆ ಗರಣೆ ಮೆದುಳಿಗೆ ಹೋದ್ರೆ ಸ್ಟ್ರೋಕು. ವಿಚಿತ್ರ ಏನು ಗೊತ್ತಾ? ಇದು ಇರೋ ಎಷ್ಟೋ ಜನಕ್ಕೆ ಎದೆ ಹಾರೋದೇ ತಿಳಿಯಲ್ಲ. ಸುಸ್ತು ಅಂತಾರೆ, ವಯಸ್ಸಾಯ್ತು ಅಂತಾರೆ, ಗ್ಯಾಸ್ ಅಂತಾರೆ."

"ನನಗೆ ಅದಲ್ಲ ತಾನೇ ಡಾಕ್ಟ್ರೇ?" ನಾಲ್ಕು ಸಲ ಕೇಳಿದೆ. ಇವರು ಪಕ್ಕದಲ್ಲಿ ಕೂತು ಫೋನಲ್ಲಿ ಕಾಫಿ ರೇಟು ನೋಡ್ತಿದ್ರು.

ನವೆಂಬರ್ 30

ಚಿಕ್ಕಮಗಳೂರಿಗೆ ಹೋಗಿ ಎಕೋ ಮಾಡಿಸಿದ್ದಾಯ್ತು. ಒಂದು ದಿನ ಪೂರ್ತಿ ಎದೆಗೆ ಮೆಷಿನ್ ಕಟ್ಕೊಂಡು ಓಡಾಡಿದ್ದೂ ಆಯ್ತು. ರಿಪೋರ್ಟು ಬಂತು. ಎಲ್ಲ ಎಕ್ಸ್‌ಟ್ರಾ ಬೀಟೇ. ಕೆಲವು ಮೇಲಿನ ಕೋಣೆಯದ್ದು, ಕೆಲವು ಕೆಳಗಿನದ್ದು. ಎದೆಗೆ ಎಲ್ಲ ಒಂದೇ ಥರ ಗುದ್ದು, ಯಾವುದು ಯಾವುದು ಅಂತ ಆ ಗೀಟು ನೋಡಿದ್ರೇ ಗೊತ್ತಾಗೋದಂತೆ. ಹೃದಯ ಗಟ್ಟಿ ಇದೆ. "ಬಂದಾಗ ಎದ್ದು ನಡೀರಿ, ನಿದ್ದೆ ಮಾಡಿ, ಕಾಫಿ ಕಡಿಮೆ ಮಾಡಿ" ಅಂದ್ರು ಓಂಕಾರಮೂರ್ತಿ. ಕಾಫಿ ಬೆಳೆಯೋರ ಮನೇಲಿ ನನಗೊಬ್ಬಳಿಗೆ ಹಾರ್ಲಿಕ್ಸು.

ಖುಷಿ ಆಗ್ಬೇಕಿತ್ತು. ಬಸ್‌ಸ್ಟ್ಯಾಂಡ್ ದಾಟೋವರೆಗೆ ಆಯ್ತು. ಆಮೇಲೆ ಮತ್ತೆ ತಟ್, ತತಟ್... ಮೆಷಿನ್ ಕಟ್ಟಿದ ದಿನ ಬರದೇ ಇದ್ದದ್ದು ನಾಳೆ ಬಂದ್ರೆ? ಅಣ್ಣನಿಗೆ ಯಾರು ಎಕೋ ಮಾಡಿಸಿದ್ರು?

ಡಿಸೆಂಬರ್ 10

ಸಾಕಾಗಿದೆ. ಎಡಗಡೆ ಮಗ್ಗುಲಾದ್ರೆ ಗುದ್ದು. ಬಲಗಡೆ ಮಲಗಿದ್ರೆ ಗುದ್ದು ಯಾವಾಗ ಬರತ್ತೋ ಅಂತ ಕಾಯೋದು. ಬೆರಳು ಮಣಿಕಟ್ಟು ಬಿಡಲ್ಲ, ಅಲ್ಲಿ ಚರ್ಮ ಕೆಂಪಾಗಿದೆ. ಹೀಗೆ ಬದುಕೋದಕ್ಕಿಂತ ಒಂದೇ ಸಲ ಹೋಗ್ಬಾರದಾ ಅಂತ ಅನ್ನಿಸ್ತು ಇವತ್ತು. ಬರೆದ ಮೇಲೆ ಓದಿ ಹೆದರಿಕೆ ಆಯ್ತು. ಆ ಸಾಲು ಹೊಡೆದು ಹಾಕಲ್ಲ, ಇರ್ಲಿ.

ಅತ್ತೆ ತೀರ್ಮಾನ ಮಾಡಿದ್ದಾರೆ. ಔಷಧಿಗೆ ಬಗ್ಗದ್ದು ಇದು, ಮೃತ್ಯುಂಜಯ ಹೋಮ ಮಾಡಿಸೋಣ ಅಂತ. ಇವರೂ ಹೂಂ ಅಂದ್ರು. "ಜೀಪಿನ ಡೀಸೆಲ್‌ಗಿಂತ ಹೋಮವೇ ಚೀಪು." ಹಾಗಂದು ಮೇಲಿನ ತೋಟಕ್ಕೆ ಹೊರಟ್ರು. ಗೇಟಿನ ಹತ್ರ ಒಂದು ಸಲ ನಿಂತು ಉಸಿರು ಎಳ್ಕೊಂಡ್ರು. ದಪ್ಪ ಆಗಿದ್ದಾರೆ. ಬಿಪಿ ಮಾತ್ರೆ ಡಬ್ಬಿ ದೀಪಾವಳಿಯಿಂದ ಹಾಗೇ ಇದೆ, ಕುಯ್ಲು ಮುಗೀಲಿ ಅಂತಾರೆ. ಕೇಳೋಕೆ ನನಗೆಲ್ಲಿ ಪುರುಸೊತ್ತು, ನಂದೇ ನನಗೆ.

ಡಿಸೆಂಬರ್ 23, ಸೋಮವಾರ. ಮಧ್ಯಾಹ್ನ

ಕೆಳಗೆ ಎಲೆ ಹಾಕ್ತಿದಾರೆ, ಊಟಕ್ಕೆ ಕರೀತಿದಾರೆ. ಬರೆದೇ ಹೋಗ್ತೀನಿ.

ಕಳಸದ ಭಟ್ರು ಬಂದಿದ್ರು. ನಡುಮನೇಲಿ ಹೋಮ. ಮಣೆ ಮೇಲೆ ಇವರು, ಪಕ್ಕದಲ್ಲಿ ನಾನು. ಭಟ್ರು ಸಂಕಲ್ಪ ಹೇಳಿಸಿದ್ರು, ನನ್ನ ಹೆಸರು, ನಕ್ಷತ್ರ, ಇವಳ ಹೃದಯದ ರೋಗ ಪರಿಹಾರ ಆಗ್ಲಿ ಅಂತ. ಆಹುತಿ ಶುರುವಾದಾಗ "ಅಮ್ಮಾ, ಯಜಮಾನ್ರ ಬಲಗೈ ಮುಟ್ಕೊಂಡಿರಿ, ಮುಗಿಯೋವರೆಗೆ ಬಿಡಬೇಡಿ" ಅಂದ್ರು. ಎಲ್ಲ ಪೂಜೇಲೂ ಮಾಡೋದೇ. ಕೈ ಹಾಕಿದೆ. ಅಭ್ಯಾಸ ಬಲ ನೋಡು, ಎರಡು ಬೆರಳು ತಾವಾಗೇ ಹೋಗಿ ಮಣಿಕಟ್ಟಿನ ಮೇಲೆ ಕೂತವು. ಈ ಬಾರಿ ನಂದಲ್ಲ, ಇವರದ್ದು.

ತಟ್... ತತಟ್ ತಟ್... ತಟ್ ತಟತತಟ್...

ತುಪ್ಪದ ಹುಟ್ಟು ಹಿಡಿದ ಕೈ ಅಲ್ಲಾಡ್ತಿದೆ, ಅದಕ್ಕೇ ಹೀಗೆ ಅಂದ್ಕೊಂಡೆ. ಕೈ ಕೆಳಗಿಟ್ಟಾಗ ಹಿಡಿದೆ. ಎರಡು ಸರಿ ಒಂದು ತಪ್ಪು ಇದೆಯಾ ಅಂತ ಹುಡುಕಿದೆ. ಇಲ್ಲ. ಮೂರಕ್ಕೊಂದು? ಇಲ್ಲ. ನಾಲ್ಕಕ್ಕೊಂದು? ಇಲ್ಲ. ಯಾವ ಲೆಕ್ಕವೂ ಇಲ್ಲ. ಡಾಕ್ಟ್ರು ಮೇಜಿನ ಮೇಲೆ ತಟ್ಟಿದ ಆ ಕೊನೇದು, ಅದೇ, ನನ್ನ ಬೆರಳಿನ ಕೆಳಗೆ.

ಇವಳಿಗೆ ಆಯಸ್ಸು ಕೊಡಪ್ಪಾ ಅಂತ ಮಂತ್ರ ಹೇಳ್ತಿದಾರೆ ಇವರು. ಆರಾಮಾಗಿ. ಹಣೇಲಿ ಬೆವರು, ಹೊಗೆಗೆ ಕೆಂಪಾದ ಕಣ್ಣು, ಏನೂ ಗೊತ್ತಿಲ್ಲದ ಮುಖ.

"ರೀ, ನಿಮ್ಮ ನಾಡಿ..." ಅಂದುಬಿಟ್ಟೆ ಎಲ್ಲರ ಮುಂದೆ.

"ಸುಮ್ನಿರೇ, ಹೋಮ ನಡೀತಿದೆ."

"ನಿಮ್ಮ ನಾಡಿ ಸರಿ ಇಲ್ಲ ರೀ!"

ನೆಂಟರೆಲ್ಲ ಕಿಸಕ್ಕಂದ್ರು. ಭಟ್ರು ಮಂತ್ರ ಜೋರು ಮಾಡಿದ್ರು. ಅತ್ತೆ ನೋಡಿದ ನೋಟಕ್ಕೆ ಅಲ್ಲೇ ಸುಟ್ಟು ಹೋಗಬೇಕಿತ್ತು ನಾನು.

ಡಿಸೆಂಬರ್ 24

"ಈಗ ನನ್ನ ಮೇಲೆ ಶುರು ಮಾಡಿದ್ಯಾ?" ಇಷ್ಟೇ ಇವರ ಉತ್ತರ. "ಹಸಿದ ಹೊಟ್ಟೇಲಿ ಅಷ್ಟು ಹೊತ್ತು ಹೊಗೆ ಮುಂದೆ ಕೂತಿದ್ದೆ. ಗ್ಯಾಸ್."

ಆ ಶಬ್ದ ಇನ್ನೊಂದು ಸಲ ಹೇಳಿದ್ರೆ ಒನಕೆ ತಗೋತೀನಿ.

ಡಿಸೆಂಬರ್ 26

ಮುಳ್ಳು ಚುಚ್ಚಿದೆ ತೆಗೀತೀನಿ ಅಂತ ಸುಳ್ಳು ಹೇಳಿ ಕೈ ಹಿಡಿದೆ. ತಟ್, ತಟ್, ತಟ್, ತಟ್. ಗಡಿಯಾರ. ಒಂದೂ ತಪ್ಪಲಿಲ್ಲ. ಎಷ್ಟು ಹೊತ್ತು ಹಿಡಿದ್ರೂ ಇಲ್ಲ.

"ಮುಳ್ಳೆಲ್ಲಿ ಮಾರಾಯ್ತಿ?" ನಕ್ಕರು. ಗೊತ್ತಾಯ್ತು ಇವರಿಗೆ.

ನನ್ನ ತಲೆಯೇ ಕೆಟ್ಟಿದೆಯಾ? ಹೋಮದ ದಿನ ಹಿಡಿದದ್ದು ಇವರ ನಾಡಿಯೋ, ನನ್ನ ಬೆರಳಲ್ಲೇ ನಡುಗ್ತಿದ್ದ ನನ್ನ ಹೆದರಿಕೆಯೋ? ಡಾಕ್ಟ್ರಿಗೆ ಫೋನ್ ಮಾಡಿದೆ. "ಬಂದು ಹೋಗಿ ಮಾಡೋದೂ ಉಂಟಮ್ಮಾ. ಒಮ್ಮೆ ಸರಿ ಇತ್ತು ಅಂತ ಬಿಡಬೇಡಿ. ಕರ್ಕೊಂಡು ಬನ್ನಿ. ಫೋನಲ್ಲಿ ಹೇಳೋ ವಿಷಯ ಅಲ್ಲ ಇದು" ಅಂದ್ರು.

ಡಿಸೆಂಬರ್ 31, ಮಧ್ಯಾಹ್ನ

ಊಟ ಮಾಡಿ ಈಸಿಚೇರಲ್ಲಿ ಒರಗಿದ್ರು. ಕೈ ಕೆಳಗೆ ಜೋತಿತ್ತು. ಕಳ್ಳಿ ಹಾಗೆ ಹೋಗಿ ಕೂತೆ.

ಇದೆ. ಕಲಸುಮೇಲೋಗರ. ಇನ್ನೂ ಜೋರು.

ನೆಲದ ಮೇಲೆ ಕೂತೇ ಅತ್ತುಬಿಟ್ಟೆ. ಒಂದು ವಿಷಯ ಈಗ ಹೊಳೀತಿದೆ: ಬೆಳಗ್ಗಿಂದ ನನ್ನದನ್ನ ನಾನು ಹಿಡಿದೇ ನೋಡಿಲ್ಲ. ಗುದ್ದು ಬಂತೋ ಇಲ್ವೋ ಗೊತ್ತೇ ಇಲ್ಲ.

ಜನವರಿ 3

ಒಂದು ಉಪಾಯ ಮಾಡಿದೆ. ನನಗೇ ಆಗ್ತಿದೆ ಅಂತ ಕಿರುಚಿದೆ. ಇವರು ಜೀಪಲ್ಲಿ ಕೂರಿಸ್ಕೊಂಡು ಓಡ್ತಾರೆ, ಅಲ್ಲಿ ಡಾಕ್ಟ್ರು ಇವರನ್ನೇ ಹಿಡಿದು ಮಂಚದ ಮೇಲೆ ಮಲಗಿಸ್ತಾರೆ, ಅಂತ ಪ್ಲಾನು. ಫೋನಲ್ಲಿ ಹೇಳಿಟ್ಟಿದ್ದೆ ಡಾಕ್ಟ್ರಿಗೆ. ಎಷ್ಟು ಸಲ ನಿಜವಾಗಿ ಮಾಡಿದ್ದು, ಸುಳ್ಳಿಗೆ ಮಾಡೋಕೆ ಕಷ್ಟವೇ ಆಗಲಿಲ್ಲ.

ಇವರು ಕಣದಿಂದ ಬಂದು ಒಂದು ಸಲ ನೋಡಿದ್ರು. ಸಿಟ್ಟೂ ಇಲ್ಲ, ಜೋಕೂ ಇಲ್ಲ. ಸೋತ ಮುಖ. "ಉಮೇಶಾ, ಅಮ್ಮನ್ನ ಮೂಡಿಗೆರೆಗೆ ತೋರಿಸ್ಕೊಂಡು ಬಾ. ಇವತ್ತು ಪಲ್ಪಿಂಗ್ ಇದೆ, ನಾನು ಬರೋಕಾಗಲ್ಲ."

"ನೀವೂ ಬನ್ನಿ ರೀ! ನಾನು ಸತ್ತು ಹೋಗ್ತೀನಿ!"

"ಸಾಯಲ್ಲ ಬಿಡು. ರಿಪೋರ್ಟಲ್ಲಿದೆ."

ಜೀಪು ತಿರುವು ದಾಟಿದ ಮೇಲೆ ಅಳು ನಿಲ್ಲಿಸಿದೆ. ಉಮೇಶ ಕನ್ನಡೀಲಿ ನೋಡಿ ಕಂಗಾಲಾದ. ಇವರ ಬಗ್ಗೆ ಕೇಳಿದೆ, "ನಿಮ್ಮ ರಾಜೇಶಣ್ಣ ಮೇಲಿನ ತೋಟ ಹತ್ತುವಾಗ ನಿಲ್ತಾರಾ?" ಕನ್ನಡಿಯಿಂದ ಕಣ್ಣು ತೆಗೆದು ರಸ್ತೆ ನೋಡಿದ. ಆಮೇಲೆ, "ನಿಲ್ತಾರೆ ಅಮ್ಮಾ. ಈಚೆಗೆ ಎರಡು ಮೂರು ಕಡೆ ಕೂತೇ ಬಿಡ್ತಾರೆ. ಅಮ್ಮನಿಗೆ ಹೇಳ್ಬೇಡ, ಅವಳಿಗೆ ಅವಳದ್ದೇ ಸಾಕಾಗಿದೆ ಅಂದಿದಾರೆ."

ಅವಳಿಗೆ ಅವಳದ್ದೇ ಸಾಕಾಗಿದೆ. ಜೀಪಲ್ಲಿ ಈ ಸಲ ನಿಜವಾಗಿ ಅತ್ತುಬಿಟ್ಟೆ.

ಡಾಕ್ಟ್ರು ಬಾಗಿಲ ಹತ್ರವೇ ನಿಂತಿದ್ರು. "ಎಲ್ಲಿ ಯಜಮಾನ್ರು?" ನಾನೊಬ್ಬಳೇ ಇಳಿದೆ.

ಡಾಕ್ಟ್ರೇ ಇವರಿಗೆ ಫೋನ್ ಹಚ್ಚಿ ಮಾತಾಡಿದ್ರು. ಆ ಕಡೆಯಿಂದ ಇವರ ಉತ್ತರ: "ಆಯ್ತು ಸಾರ್. ಬರ್ತೀನಿ ಸಾರ್. ಖಂಡಿತ ಸಾರ್." ಅಷ್ಟು ಮರ್ಯಾದೆಯಾಗಿ ಮಾತಾಡಿದ್ರೆ ಇವರು ಬರಲ್ಲ ಅಂತಲೇ ಅರ್ಥ. ಡಾಕ್ಟ್ರು ನನ್ನನ್ನ ಕೂರಿಸಿ ಹೇಳಿದ್ರು: "ಬಾಯಿ ಒಂದು ಕಡೆ ವಾಲೋದು, ಮಾತು ತೊದಲೋದು, ಒಂದು ಕೈ ಬಲ ಹೋಗಿ ಹಿಡಿದದ್ದು ಬೀಳೋದು. ಇದರಲ್ಲಿ ಒಂದು ಕಂಡ್ರೂ ನನ್ನ ಹತ್ರ ಬರಬೇಡಿ, ಸೀದಾ ದೊಡ್ಡ ಆಸ್ಪತ್ರೆ. ಒಂದೊಂದು ನಿಮಿಷವೂ ಮುಖ್ಯ. ಅದು ಬರೋದಕ್ಕೆ ಮುಂಚೆ ಒಂದು ಇಸಿಜಿ ಸಿಕ್ಕಿದ್ರೆ ಗರಣೆ ಕಟ್ಟದ ಹಾಗೆ ಮಾತ್ರೆ ಶುರು ಮಾಡಬಹುದು. ಹ್ಯಾಗಾದ್ರೂ ಕರ್ಕೊಂಡು ಬನ್ನಿ."

ಹ್ಯಾಗಾದ್ರೂ ಅಂದ್ರೆ ಹ್ಯಾಗೆ? ಗೋಣಿಚೀಲಕ್ಕೆ ತುಂಬಿಸ್ಕೊಂಡಾ?

ಜನವರಿ 4

ಇವರು ಡಾಕ್ಟ್ರ ಹತ್ರ ಬಂದಿಲ್ಲ. ಪಲ್ಪಿಂಗ್.

ಜನವರಿ 5

ಬಂದಿಲ್ಲ. ಮೋಡ ಆಗಿದೆ, ಕಣದಲ್ಲಿ ಒಣಗೋಕೆ ಹಾಕಿದ ಪಾರ್ಚ್‌ಮೆಂಟ್ ಕಾಫಿ ನೆನೆಯತ್ತೆ. ಟಾರ್ಪಾಲು ಹೊದಿಸ್ತಿದಾರೆ. ನನ್ನ ಗಂಡನ ಜೀವಕ್ಕೆ ಹೊದಿಸೋಕೆ ಏನೂ ಇಲ್ಲ.

ಜನವರಿ 7

ರಂಪ ಆಯ್ತು. ಕಾಲು ಹಿಡ್ಕೊಂಡೆ. ಹೌದು, ಕಾಲು. "ನನ್ನ ಮೇಲೆ ದಯ ಇಲ್ಲದಿದ್ರೆ ಧನ್ಯಾನ ಮೇಲಾದ್ರೂ ಇಡಿ." ಎಳ್ಕೊಂಡು ಹೋದ್ರು ಕಾಲನ್ನ. "ಕವೀ. ಸಾಕು." ಒಂದೇ ಸಲ ಕರೆದದ್ದು.

ಅತ್ತೆ ಒಳಗಿಂದ ಬಂದ್ರು. ಇಷ್ಟು ದಿನ ನುಂಗಿಕೊಂಡಿದ್ದು ಉಗುಳಿದ್ರು. "ಹೋಮದ ದಿನ ನೀನು ಅವನ ಕೈ ಮುಟ್ಟಿದ್ದೇ ತಪ್ಪಾಯ್ತು. ನಿನ್ನ ಮೇಲಿದ್ದದ್ದು ಅವನಿಗೆ ದಾಟ್ತು. ಈಗ ಕೂತು ಅಳ್ತೀಯ."

"ಹಾಗಾದ್ರೆ ಅವರಿಗೆ ಏನೋ ಆಗಿದೆ ಅಂತ ಒಪ್ಕೊಂಡ್ರಲ್ಲ ಅತ್ತೆ! ಆಸ್ಪತ್ರೆಗೆ ಕಳಿಸಿ!"

"ಅವನಿಗೇನೂ ಆಗಿಲ್ಲ. ಬಿಡ್ತು ಅನ್ನು!"

ಒಂದೇ ಬಾಯಲ್ಲಿ ಎರಡೂ. ಏನು ಹೇಳೋಣ ಈ ಜನಕ್ಕೆ. ಆದ್ರೆ ಕೇಳಿದ ಮೇಲೆ ನನಗೂ ಒಳಗೆ ಹುಳ ಬಿಟ್ಟಂಗಾಗಿದೆ. ಹೋಮದಿಂದ ಈಚೆ ನನ್ನ ಗುದ್ದು ಕಡಿಮೆ ಆಗಿರೋದು ನಿಜ. ದೇವ್ರೇ, ದಾಟಿದ್ದೇ ನಿಜ ಆದ್ರೆ ವಾಪಸ್ ಕೊಡು. ನಂದು ನನಗಿರ್ಲಿ. ಎರಡು ಸರಿ ಒಂದು ತಪ್ಪು, ಜೀವನಪೂರ್ತಿ ಇರ್ಲಿ.

ಜನವರಿ 11, ಶನಿವಾರ

ಸಂಕ್ರಾಂತಿಗೆ ಅಂತ ಧನ್ಯಾ ಬಂದ್ಲು. ಬಂದವಳೇ ಅಳಲಿಲ್ಲ, ಬೇಡಲಿಲ್ಲ. ಅಪ್ಪನ ಎದುರು ಕುರ್ಚಿ ಹಾಕ್ಕೊಂಡು ಕೂತ್ಲು.

"ಅಪ್ಪಾ, ಅಮ್ಮನ ಬಾಯಿ ಮುಚ್ಚಿಸಬೇಕಾ ಬೇಡ್ವಾ?"

"ಬೇಕು ಮಗಳೇ. ಕೋಟಿ ಪುಣ್ಯ ಬರತ್ತೆ ನಿಂಗೆ."

"ಹಾಗಾದ್ರೆ ಒಂದು ಇಸಿಜಿ. ನಾರ್ಮಲ್ ಬರ್ಲಿ, ಫ್ರೇಮ್ ಹಾಕಿಸಿ ಗೋಡೆಗೆ ಹೊಡೆಯೋಣ."

ಇವರಿಗೆ ಪಂದ್ಯ ಅಂದ್ರೆ ಆಯ್ತು. "ನಾರ್ಮಲ್ ಬಂದ್ರೆ ನಿಮ್ಮಮ್ಮ ಇನ್ನು ಈ ಜನ್ಮದಲ್ಲಿ ಯಾರ ಕೈಯನ್ನೂ ಹಿಡಿಯಬಾರದು. ತನ್ನದನ್ನೂ." ಒಪ್ಪಿದೆ. ಜನ್ಮ ಏನು, ಏಳು ಜನ್ಮಕ್ಕೂ ಒಪ್ಪಿದೆ.

ಇವತ್ತೇ ಹೊರಡಿ ಅಂದೆ. ಶನಿವಾರ, ಆಳುಗಳಿಗೆ ಬಟವಾಡೆ. ಭಾನುವಾರ ಕ್ಲಿನಿಕ್ ಇಲ್ಲ. ದೊಡ್ಡಾಸ್ಪತ್ರೆಗೆ ಹೋಗೋಣ ಅಂದ್ರೆ "ಜಗ್ಗಬೇಡ ಮಾರಾಯ್ತಿ, ಹರಿದು ಹೋಗತ್ತೆ." ಸೋಮವಾರ ಬೆಳಗ್ಗೆ ಅಂತ ನಿಕ್ಕಿ ಆಯ್ತು.

ಜನವರಿ 12, ಭಾನುವಾರ

ಧನ್ಯಾ, ಅತ್ತೆ ಇಬ್ಬರೂ ದೇವರಮನೆ ಬೆಟ್ಟದ ಭೈರವನಿಗೆ ಹಣ್ಣುಕಾಯಿ ಮಾಡಿಸೋಕೆ ಜೀಪಲ್ಲಿ ಹೋದ್ರು. ಮನೇಲಿ ನಾವಿಬ್ರೇ. ಎಷ್ಟು ದಿನ ಆಗಿತ್ತು ಹೀಗೆ ಕೂತು. ಜಗಲಿಯಲ್ಲಿ ಬಿಸಿಲು. ಹಿತ್ತಾಳೆ ಲೋಟದಲ್ಲಿ ಇವರಿಗೆ ಕಾಫಿ ಕೊಟ್ಟೆ. ತಾತನ ಕಾಲದ ಲೋಟ, ಸ್ಟೀಲಲ್ಲಿ ಕೊಟ್ರೆ ಕುಡಿಯಲ್ಲ. "ನೀನೂ ಒಂದು ಗುಟುಕು ಕುಡಿ, ಪಾಪ" ಅಂತ ಅದರಲ್ಲೇ ಕೊಟ್ರು. ಕುಡಿದೆ. ಎಂಥ ರುಚಿ.

ಆಮೇಲೆ ತಾವಾಗೇ ಕೈ ಚಾಚಿದ್ರು. "ಹಿಡಿ. ನಾಳೆಯಿಂದ ಬಂದ್."

ಹಿಡಿದೆ. ಕಲಸುಮೇಲೋಗರವೇ. ನನ್ನ ಮುಖ ನೋಡಿದ್ರು. ತೋಟದ ಕಡೆ ತಿರುಗಿದ್ರು.

"ನಂಗೂ ಹೆದರಿಕೆ ಇದೆ ಕವೀ ಕವೀ. ನಿಮ್ಮಣ್ಣನ್ನ ಮರದ ಕೆಳಗಿಂದ ಎತ್ತಿದವನು ನಾನು. ಹತ್ತುವಾಗ ಉಸಿರು ಸಿಗದಾಗೆಲ್ಲ ಅವನ ಮುಖ ಬರತ್ತೆ ಕಣ್ಮುಂದೆ. ನಗದಿದ್ರೆ ಹ್ಯಾಗೆ ಹೇಳು."

ಇಷ್ಟು ದಿನ ಎದೆ ಹಿಡ್ಕೊಂಡು ಗೋಣಿಚೀಲದ ಮೇಲೆ ಉರುಳ್ತಿದ್ದದ್ದು ಇದಕ್ಕಾ. ಬೈಯೋಣ ಅಂತ ಬಾಯಿ ತೆಗೆದವಳು ಹತ್ರ ಸರಿದು ಕೂತೆ. ಎದೆಗೆ ಕಿವಿ ಇಟ್ಟೆ. ತಲೆ ಮೇಲೆ ಕೈ ಇಟ್ರು. ಅಲ್ಲೇ ಇದ್ದೆ ಜೀಪಿನ ಸದ್ದು ಬರೋವರೆಗೆ.

ಜನವರಿ 13, ಸೋಮವಾರ. ಬೆಳಗ್ಗೆ

ಸೀರೆ ಉಟ್ಟಾಯ್ತು. ನನ್ನ ಹಳೇ ರಿಪೋರ್ಟು, ಇವರ ಬಿಪಿ ಮಾತ್ರೆ ಡಬ್ಬಿ, ನೀರು, ಎಲ್ಲ ಬ್ಯಾಗಲ್ಲಿ. ಕ್ಲಿನಿಕ್ ತೆಗೆಯೋ ಹೊತ್ತಿಗೆ ಬಾಗಿಲಲ್ಲಿ ನಿಂತಿರಬೇಕು. ಧನ್ಯಾ ಸ್ನಾನಕ್ಕೆ ಹೋಗಿದ್ದಾಳೆ, ಅವಳು ಬಂದ್ರೆ ಹೊರಡೋದೇ.

ಇವರು ಇಸ್ತ್ರಿ ಅಂಗಿ ಹಾಕ್ಕೊಂಡು ಮದುಮಗನಂಗೆ ಜಗಲಿಯಲ್ಲಿ ಕೂತಿದಾರೆ. ಕಾಫಿ ಕೊಟ್ಟು ಬಂದೆ. ಉಮೇಶ ಜೀಪು ಒರೆಸ್ತಿದಾನೆ. ಅವನಿಗೆ ಏನೋ ಕತೆ ಹೇಳ್ತಿದಾರೆ, ಅವನು ನಗ್ತಿದಾನೆ. ಇಲ್ಲಿಗೆ ಕೇಳಿಸ್ತಿದೆ. ಎಷ್ಟು ತಿಂಗಳಾಯ್ತು ಈ ನಗು ಕೇಳಿ ಹೊಟ್ಟೆ ತಣ್ಣಗಾಗಿ. ಇವತ್ತು ಏನು ಬರತ್ತೋ ಬರ್ಲಿ, ಮಾತ್ರೆ ಇದೆಯಂತಲ್ಲ. ಮಾತ್ರೆ ತಗೊಂಡ್ರೆ ಆಯ್ತು. ನಾನೇ ಬಾಯಿಗೆ ಹಾಕ್ತೀನಿ ದಿನಾ.

ಕರೀತಿದಾರೆ. ಒಂದೇ ಸಲ. ಅದೂ ಬಾಯಲ್ಲಿ ಎಲೆಅಡಿಕೆ ತುಂಬಿಸ್ಕೊಂಡಂಗೆ, "ಅಬೀ" ಅಂತ. ಶುರುವಾಯ್ತು ಅಣಕ! ಹೊರಡೋ ಗಳಿಗೇಲೂ ನಾಟಕ ಬಿಡಲ್ಲ ಈ ಮನುಷ್ಯ. ನಾನಂತೂ ಏಳಲ್ಲ. ಇದೊಂದು ಸಾಲು ಮುಗಿಸಿಯೇ ಬರೋದು.

ಲೋಟ ಬಿದ್ದ ಸದ್ದು. ಹಿತ್ತಾಳೇದು, ಮೆಟ್ಟಿಲ ಮೇಲೆ ಉರುಳ್ತಾ ಹೋಯ್ತು. ಇದೂ ನಾಟಕವೇ ಇರಬೇಕು. ಆದ್ರೆ ಉಮೇಶ ಯಾಕೆ ನಗ್ತಿಲ್ಲ